ಟೈಪೊಂದನ್ನು ಬರೆದರೆ ಸಾಕು



ಅಂಗಡಿಯೊಂದರ ಲೆಕ್ಕಕ್ಕೆ ಪ್ರೋಗ್ರಾಮ್ ಬರೆಯುತ್ತಿದ್ದೇವೆ ಅಂದುಕೊಳ್ಳಿ. ಹಣ ಬರುವ ದಾರಿ ಎರಡು. ನಗದಾದರೆ ಮೊತ್ತ ಮಾತ್ರ. ಚೆಕ್ ಆದರೆ ಮೊತ್ತದ ಜೊತೆಗೆ ಚೆಕ್ ನಂಬರು, ಬ್ಯಾಂಕಿನ ಹೆಸರು. ಫಂಕ್ಷನಲ್ ಭಾಷೆಗಳಲ್ಲಿ ಇಷ್ಟನ್ನೂ ಒಂದೆರಡು ಸಾಲಿನ ಟೈಪ್ ಡೆಫಿನಿಷನ್‌ನಲ್ಲಿ ಹೇಳಿ ಮುಗಿಸಬಹುದು. ಇನ್ನು ಎರಡು ಪಾವತಿಗಳು ಒಂದೇನಾ ಎಂದು ನೋಡುವ ಕೋಡ್ ಬೇಕು. ನಗದಿಗೆ ನಗದು ಹೋಲಿಸು, ಚೆಕ್ಕಿಗೆ ಚೆಕ್ ಹೋಲಿಸು, ಉಳಿದದ್ದೆಲ್ಲ ಬೇರೆ ಬೇರೆ. ಮೂರೇ ಸಾಲು.

ಮುಂದೊಂದು ದಿನ ಟೈಪಿಗೆ ಯುಪಿಐ ಸೇರುತ್ತದೆ. ಹೋಲಿಸುವ ಕೋಡನ್ನು ತಿದ್ದುವುದು ಮರೆತುಹೋಗುತ್ತದೆ. ಆಗ ‘ಉಳಿದದ್ದೆಲ್ಲ ಬೇರೆ’ ಎಂಬ ಮೂರನೇ ಸಾಲು ಯುಪಿಐಯನ್ನೂ ನುಂಗುತ್ತದೆ. ಯುಪಿಐ ಪಾವತಿಯೊಂದನ್ನು ಅದರ ಜೊತೆಗೇ ಹೋಲಿಸಿದರೂ ‘ಸಮವಲ್ಲ’ ಎಂಬ ಉತ್ತರ ಬರುತ್ತದೆ. ಕಂಪೈಲರ್ ತುಟಿಪಿಟಕ್ಕೆನ್ನುವುದಿಲ್ಲ. ಯೋಚನೆಯೇ ಬೇಡದ ಇಂಥ ಕೋಡನ್ನು ಮನುಷ್ಯ ಯಾಕೆ ಬರೆಯಬೇಕು? ಟೈಪನ್ನು ನೋಡಿ ಯಂತ್ರವೇ ಬರೆಯಬಾರದೇ? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಚರಿತ್ರೆ.

‘ಇದು ಅಥವಾ ಅದು’ ಎಂದು ಬಗೆಬಗೆಯಾಗಿ ಟೈಪ್ ಕಟ್ಟುವ ಕ್ರಮ ಬೆಳೆದ ಊರು ಸ್ಕಾಟ್ಲೆಂಡಿನ ಎಡಿನ್‌ಬರೋ. ಅಲ್ಲಿ ರಾಡ್ ಬರ್ಸ್ಟಾಲ್, ಡೇವಿಡ್ ಮೆಕ್ವೀನ್, ಡಾನ್ ಸನೆಲ್ಲಾ ರೂಪಿಸಿದ ಹೋಪ್ ಎಂಬ ಭಾಷೆ 1980ರಲ್ಲಿ ಹೊರಬಂತು. ಏಳು ವರ್ಷದ ನಂತರ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಸೇರಿದ ವಿದ್ವಾಂಸರು, ಒಂದನ್ನೊಂದು ಹೋಲುವ ಹತ್ತಾರು ಭಾಷೆಗಳು ಸಾಕು, ಎಲ್ಲರಿಗೂ ಒಂದೇ ಭಾಷೆ ಇರಲಿ ಎಂದು ಸಮಿತಿ ಮಾಡಿದರು. ಹ್ಯಾಸ್ಕೆಲ್ ಹುಟ್ಟಿದ್ದು ಹಾಗೆ. ಅದರ ಮೊದಲ ವರದಿ ಬಂದದ್ದು 1990ರ ಏಪ್ರಿಲ್ 1ರಂದು. ಟೈಪ್ ಡೆಫಿನಿಷನ್ನಿನ ಕೊನೆಗೆ ‘ಡಿರೈವಿಂಗ್’ ಎಂದು ಬರೆದು ಬೇಕಾದುದನ್ನು ಹೆಸರಿಸಿದರೆ ಸಮತೆ, ಹಿರಿದು ಕಿರಿದಿನ ಕ್ರಮ, ಅಕ್ಷರರೂಪದಲ್ಲಿ ತೋರಿಸುವುದು, ಇವನ್ನೆಲ್ಲ ಕಂಪೈಲರೇ ಬರೆದುಕೊಡುವ ಏರ್ಪಾಡು ಆ ವರದಿಯಲ್ಲೇ ಇತ್ತು. ಟೈಪ್ ಬದಲಾದರೆ ಆ ಕೋಡೂ ತಾನಾಗಿ ಬದಲಾಗುತ್ತದೆ. ನಮ್ಮ ಯುಪಿಐ ತೊಂದರೆ ಅಲ್ಲಿಗೆ ಮುಗಿಯಿತು.

ಆದರೆ ಆ ಪಟ್ಟಿ ಸಮಿತಿಯದು. ಅದರಲ್ಲಿಲ್ಲದ್ದು ಬೇಕೆಂದವರು ಕೈಯಲ್ಲೇ ಬರೆಯಬೇಕಿತ್ತು. ಹೊಸದನ್ನು ಸೇರಿಸುವ ಅಧಿಕಾರ ಸಾಮಾನ್ಯ ಪ್ರೋಗ್ರಾಮರಿಗೆ ಸಿಗುವುದು ಹೇಗೆ? ಮುಂದಿನ ಮೂವತ್ತು ವರ್ಷ ಈ ಪ್ರಶ್ನೆಯ ಸುತ್ತಲೇ ನಡೆಯಿತು.

ಒಂದು ದಾರಿ, ಪ್ರೋಗ್ರಾಮ್ ಬರೆಯುವ ಪ್ರೋಗ್ರಾಮ್. ಲಿಸ್ಪ್ ಭಾಷೆಗೆ 1963ರಲ್ಲೇ ಮ್ಯಾಕ್ರೋ ಸೇರಿತ್ತು. ಅದೇ ಜಾಡಿನಲ್ಲಿ ಟಿಮ್ ಶೀರ್ಡ್, ಸೈಮನ್ ಪೇಟನ್ ಜೋನ್ಸ್ 2002ರಲ್ಲಿ ಟೆಂಪ್ಲೇಟ್ ಹ್ಯಾಸ್ಕೆಲ್ ತಂದರು. ಒಕ್ಯಾಮಲ್ ಎಂಬ ಭಾಷೆಯ ಬಳಗದವರೂ ಈ ದಾರಿಯನ್ನೇ ಹಿಡಿದರು.

ಇನ್ನೊಂದು ದಾರಿ ನನಗೆ ತುಂಬ ಚೆಲುವಾಗಿ ಕಾಣುತ್ತದೆ. ಇಂಥ ಟೈಪನ್ನು ಬಿಚ್ಚಿ ನೋಡಿ, ಒಳಗಿರುವುದು ಎರಡೇ ಸಂಬಂಧ: ‘ಅಥವಾ’, ಇಲ್ಲವೇ ‘ಜೊತೆಗೆ’. ನಗದು ಅಥವಾ ಚೆಕ್. ಮೊತ್ತದ ಜೊತೆಗೆ ನಂಬರು. ‘ಅಥವಾ’ ಬಂದಲ್ಲಿ ಎರಡೂ ಕಡೆಯವು ಒಂದೇ ಕವಲಿನಲ್ಲಿರಬೇಕು, ‘ಜೊತೆಗೆ’ ಬಂದಲ್ಲಿ ಒಂದೊಂದು ಭಾಗವೂ ಸಮವಾಗಿರಬೇಕು. ಅಂಕಿ, ಅಕ್ಷರದಂಥ ಮೂಲ ಟೈಪುಗಳನ್ನು ಹೋಲಿಸುವುದು ಭಾಷೆಗೆ ಮೊದಲೇ ಗೊತ್ತು. ಇಷ್ಟು ಹೇಳಿಬಿಟ್ಟರೆ ನಾಳೆ ಯಾರೋ ಕಟ್ಟುವ, ನಾವು ಕಂಡು ಕೇಳರಿಯದ ಟೈಪಿಗೂ ಸಮತೆಯ ಕೋಡ್ ಸಿದ್ಧವಾಯಿತು. ಪ್ಯಾಟ್ರಿಕ್ ಯಾನ್ಸನ್, ಯೋಹಾನ್ ಯೂರಿಂಗ್ 1997ರಲ್ಲಿ ಪಾಲಿಪಿ ಎಂಬ ಭಾಷಾವಿಸ್ತರಣೆಯಲ್ಲಿ ಈ ಬಗೆಯ ವಿಚಾರಕ್ಕೆ ರೂಪ ಕೊಟ್ಟರು. ಯೂರಿಂಗ್, ರಾಲ್ಫ್ ಹಿಂಜೆ ಮುಂತಾದವರು ಅದನ್ನು ಬೆಳೆಸಿದರು. 2010ರಲ್ಲಿ ಪ್ರಬಂಧವಾಗಿ ಬಂದ ಸರಳ ರೂಪವೊಂದು ಮರುವರ್ಷವೇ ಹ್ಯಾಸ್ಕೆಲ್‌ನ ಮುಖ್ಯ ಕಂಪೈಲರ್ ಆದ ಜಿಎಚ್‌ಸಿಯೊಳಗೆ ಸೇರಿತು. ಮಾಹಿತಿಯನ್ನು ಜೇಸನ್ (JSON) ಎಂಬ ಪಠ್ಯರೂಪಕ್ಕೆ ಬದಲಿಸುವ ನಿಯಮವನ್ನು ಲೈಬ್ರರಿ ಬರೆದವರು ಒಮ್ಮೆ ಹೇಳಿದರೆ ಮಿಕ್ಕವರಿಗೆಲ್ಲ ಅದು ಒಂದೇ ಸಾಲಿನ ಕೆಲಸವಾಯಿತು.

ಈ ನಡುವೆ 2003ರಲ್ಲಿ ರಾಲ್ಫ್ ಲೆಮ್ಮೆಲ್, ಪೇಟನ್ ಜೋನ್ಸ್ ಒಂದು ಲೆಕ್ಕ ಮುಂದಿಟ್ಟರು: ವಿಭಾಗದೊಳಗೆ ವಿಭಾಗವಿರುವ ಕಂಪನಿಯಲ್ಲಿ ಎಲ್ಲರ ಸಂಬಳವನ್ನೂ ಹೆಚ್ಚಿಸಬೇಕು. ನಿಜವಾದ ಕೆಲಸ ಒಂದು ಗುಣಾಕಾರ. ಉಳಿದದ್ದೆಲ್ಲ ಸಂಬಳ ಇರುವಲ್ಲಿಗೆ ಇಳಿದುಹೋಗುವ ಕೋಡ್. ಆ ಇಳಿಯುವ ಕೋಡನ್ನು ಟೈಪಿನಿಂದಲೇ ಪಡೆದು, ಗುಣಾಕಾರವನ್ನಷ್ಟೇ ನಾವು ಬರೆದರಾಯಿತು ಎಂದು ಅವರು ತೋರಿಸಿದರು.

ಎಡವಿದ್ದೂ ಉಂಟು. ಇರುವ ಟೈಪೊಂದಕ್ಕೆ ಹೊಸ ಹೆಸರಿನ ಹೊದಿಕೆ ಹಾಕಿ, ಒಳಗಿನದರ ಕೋಡನ್ನೇ ಹೊರಗಿನದಕ್ಕೂ ಬಳಸುವ ಸೌಲಭ್ಯ ಜಿಎಚ್‌ಸಿಯಲ್ಲಿತ್ತು. ಟೈಪ್ ಪದ್ಧತಿಗೆ ಆಮೇಲೆ ಬಂದ ಸೇರ್ಪಡೆಗಳ ಜೊತೆ ಇದನ್ನು ಬೆರೆಸಿದಾಗ, ಟೈಪ್ ತಪಾಸಣೆ ಒಪ್ಪಿದ ಪ್ರೋಗ್ರಾಮೇ ಓಡುವಾಗ ಕುಸಿಯಬಹುದಿತ್ತು. ಆ ತೂತು ಮುಚ್ಚಿದ್ದು 2014ರ ಜಿಎಚ್‌ಸಿ 7.8ರಲ್ಲಿ.

ಇನ್ನೊಂದು ಎಚ್ಚರ ಇವತ್ತಿಗೂ ಬೇಕು. ಹಿರಿದು ಕಿರಿದಿನ ಕ್ರಮದ ಕೋಡನ್ನು ಕಂಪೈಲರ್ ಬರೆಯುವುದು ನಾವು ಬಗೆಗಳನ್ನು ಹೆಸರಿಸಿದ ಸರದಿಯಂತೆ. ಅಂದವಾಗಿ ಕಾಣಲೆಂದು ಎರಡು ಸಾಲು ಹಿಂದುಮುಂದು ಮಾಡಿದರೆ, ಯಾವುದು ಮೇಲು ಎಂಬುದೇ ಸದ್ದಿಲ್ಲದೆ ತಿರುಗುತ್ತದೆ. ಅರ್ಥವಿರುವ ಕ್ರಮವನ್ನು ನಾವೇ ಬರೆಯಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ರಸ್ಟ್ ಭಾಷೆಯೂ ‘ಡಿರೈವ್’ ಎಂಬ ಹೆಸರಿನಲ್ಲಿ ಈ ಏರ್ಪಾಡನ್ನು ತನ್ನದಾಗಿಸಿಕೊಂಡಿತು. 2017ರಿಂದ ಅಲ್ಲಿ ಯಾವ ಲೈಬ್ರರಿಯಾದರೂ ತನ್ನ ನಿಯಮ ಸೇರಿಸಬಹುದು. ಹ್ಯಾಸ್ಕೆಲ್‌ನಲ್ಲಿ 2018ರಿಂದ ಯಾವ ಟೈಪಿನ ಮಾದರಿಯಲ್ಲಿ ಕೋಡ್ ಬರಬೇಕೆಂಬುದನ್ನೂ ಪ್ರೋಗ್ರಾಮರೇ ಆರಿಸಬಹುದು. 1990ರಲ್ಲಿ ಸಮಿತಿಯ ಕೈಯಲ್ಲಿದ್ದ ಪಟ್ಟಿ ಈಗ ಟೈಪ್ ಬರೆಯುವವರದೇ ಆಗಿದೆ.