ದಾರಿ ತಪ್ಪಿದ ತರುಣರೂ ಕಾಯಕವೂ
(ಹೆಸರಘಟ್ಟದಲ್ಲಿ ಮಾಡಿದ ಭಾಷಣ)

 

ಉತ್ಸವದ ದಿವಸ ಇಂತಹ ವಿಷಯವೇಕೆಂದು ಕೆಲವರಿಗೆ ತೋರಬಹುದು. ಪುಂಡರ ಕೂಟಗಳಲ್ಲಿ ಸಿಕ್ಕಿಬಿದ್ದ ತರುಣರಿಗೆ ಉದ್ಯೋಗ ದೊರಕಿಸುವುದೂ, ದೊರೆತ ಉದ್ಯೋಗದಲ್ಲಿ ಅವರನ್ನು ನಿಲ್ಲಿಸುವುದೂ ಮಠದ ಭಕ್ತರಿಗೆ ಸಂಬಂಧಪಟ್ಟ ಕಾರ್ಯವೆಂದೇ ನನ್ನ ಭಾವನೆ. ಉರಿಲಿಂಗಪೆದ್ದಿಯ ಚರಿತ್ರೆಯನ್ನು ತಾವೆಲ್ಲರೂ ಬಲ್ಲಿರಿ. ಕಳವಿಗೆಂದು ಮನೆಯೊಂದನ್ನು ಹೊಕ್ಕವನು ಅಲ್ಲಿ ನಡೆಯುತ್ತಿದ್ದ ದೀಕ್ಷೆಯನ್ನು ಕಂಡು ಮನಸ್ಸು ತಿರುಗಿ, ಉರಿಲಿಂಗದೇವರ ಮಠಕ್ಕೆ ದಿನವೂ ಸೌದೆಯ ಹೊರೆಯನ್ನು ತಂದನೆಂದೂ, ಕಡೆಗೆ ಆ ಮಠದ ಪೀಠವನ್ನೇ ಏರಿದನೆಂದೂ ಪ್ರತೀತಿ. ನಾವು ಪೀಠದ ಸಂಗತಿಯನ್ನು ಹೊಗಳಿ ಸೌದೆಯ ಸಂಗತಿಯನ್ನು ಮರೆಯುತ್ತೇವೆ. ಆ ಹೊರೆಯನ್ನು ದಿನದಿನವೂ ಇಳಿಸಿಕೊಳ್ಳುವುದಕ್ಕೆ ಒಂದು ಬಾಗಿಲು ಇದ್ದಿತಷ್ಟೆ! ಕಳ್ಳನು ತಂದ ಸೌದೆ ಬೇಡವೆಂದು ಯಾರೂ ಹಿಂದಕ್ಕೆ ಕಳುಹಿಸಿದಂತೆ ಕಾಣದು.

ನಮ್ಮ ಸೀಮೆಯನ್ನೇ ನೋಡಿರಿ. 1894ರಲ್ಲಿ ಅರ್ಕಾವತಿಗೆ ಕಟ್ಟೆ ಕಟ್ಟಿ, ಬೆಂಗಳೂರಿಗೆ ನೀರು ಕೊಟ್ಟ ಊರು ಇದು. ಈಗ ಆ ನಗರವೇ ಇತ್ತ ನಡೆದು ಬಂದಿದೆ. ಹೊಲಗಳು ನಿವೇಶನಗಳಾದುವು, ನಿವೇಶನಗಳಿಗೆ ವ್ಯಾಜ್ಯಗಳು ಹುಟ್ಟಿದುವು, ವ್ಯಾಜ್ಯಗಳಿಗೆ ಬೇಲಿ ಕಾಯುವ ತೋಳುಗಳೂ ಬೇಲಿ ಕೀಳುವ ತೋಳುಗಳೂ ಬೇಕಾದುವು. ಶಾಲೆ ಬಿಟ್ಟ ಹುಡುಗನ ಕೈಗೆ ಮೊದಲು ಹಣವಿತ್ತವನು ಅಂತಹ ಯಜಮಾನನೇ ಆದರೆ, ಹುಡುಗನನ್ನು ದೂರುವ ಮೊದಲು ನಾವು ಕೊಡದೆ ಹೋದ ಸಂಬಳವನ್ನು ನೆನೆಯಬೇಕು. ಬೇಲಿ ಕೀಳಿಸಿದವರು ಉತ್ಸವಗಳಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತಿರುವುದುಂಟು, ಅದು ಹಾಗಿರಲಿ.

ಕಲಿಯುವುದಕ್ಕೆ ಸ್ಥಳವಿಲ್ಲವೆನ್ನುವಂತಿಲ್ಲ. ತೋಟಗಾರಿಕಾ ಸಂಶೋಧನಾ ಸಂಸ್ಥೆ ನಮ್ಮ ಊರಿನಲ್ಲಿಯೇ ಇದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ನೆಲಮಂಗಲದ ಬಳಿಯ ಅರಿಶಿನಕುಂಟೆಯಲ್ಲಿ ಊಟ ವಸತಿಗಳೊಡನೆ ಉಚಿತವಾಗಿ ಉದ್ಯೋಗ ಕಲಿಸುತ್ತದೆ. ಪೀಣ್ಯದ ಯಂತ್ರಶಾಲೆಗಳೂ ದೂರವಿಲ್ಲ.

ಕೆಲಸ ಸಿಕ್ಕುವುದಕ್ಕಿಂತ ಅದರಲ್ಲಿ ನಿಲ್ಲುವುದೇ ಕಠಿಣ. ಮೊಕದ್ದಮೆಯ ವಾಯಿದೆ ಬಿದ್ದ ದಿವಸ ಅವನು ನ್ಯಾಯಾಲಯಕ್ಕೆ ಹೋಗಲೇಬೇಕು. ರೌಡಿ ಪಟ್ಟಿಯಲ್ಲಿ ಹೆಸರಿದ್ದರೆ ಚುನಾವಣೆಯ ಮುಂಚೆ, ಹಬ್ಬದ ಮುಂಚೆ ಠಾಣೆಯಿಂದ ಕರೆ ಬರುತ್ತದೆ. ನಿಜ ಹೇಳಿದರೆ ಕೆಲಸ ಹೋದೀತೆಂದು ಸುಳ್ಳು ಹೇಳುತ್ತಾನೆ. ಸುಳ್ಳು ಹೊರಬಿದ್ದು ಕೆಲಸ ಹೋಗುತ್ತದೆ. ಇತ್ತ ತಿಂಗಳ ಸಂಬಳ ಕೈಸೇರುವ ಮುನ್ನವೇ ಹಳೆಯ ಸಂಗಾತಿಯು ಜೇಬಿನಲ್ಲಿ ನಗದನ್ನಿಟ್ಟುಕೊಂಡು ಕಾರ್ಖಾನೆಯ ಬಾಗಿಲಲ್ಲಿ ಕಾದಿರುತ್ತಾನೆ. ಆದುದರಿಂದ ಮೊದಲ ಮೂರು ತಿಂಗಳಾದರೂ ವಾರಕ್ಕೊಮ್ಮೆ ಬಟವಾಡೆ ಮಾಡತಕ್ಕದ್ದು. ವಾಯಿದೆಯ ದಿವಸಗಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಕೇಳಿ ಬರೆದಿಟ್ಟು ರಜೆ ಕೊಡತಕ್ಕದ್ದು. ಸಾಯಂಕಾಲ ಮನೆಯವರೆಗೆ ಜೊತೆಯಲ್ಲಿ ಹೋಗಲು ಒಬ್ಬ ಹಿರಿಯ ಕೆಲಸಗಾರನನ್ನು ಗೊತ್ತುಮಾಡತಕ್ಕದ್ದು. ಇದಕ್ಕೆ ಹೆಚ್ಚು ವೆಚ್ಚವಿಲ್ಲ, ತಾಳ್ಮೆ ಮಾತ್ರ ಬೇಕು.

ಕಾಯಿದೆಯೂ ಇದಕ್ಕೆ ಅನುಕೂಲವಾಗಿಯೇ ಇದೆ. 2015ರ ಬಾಲ ನ್ಯಾಯ ಕಾಯಿದೆಯ 24ನೆಯ ಪ್ರಕರಣದ ಮೇರೆಗೆ, 18 ವರ್ಷ ತುಂಬುವ ಮುನ್ನ ತಪ್ಪು ಮಾಡಿ ಆ ಕಾಯಿದೆಯಂತೆ ವಿಚಾರಣೆಗೊಂಡವನಿಗೆ ಆ ಕಾರಣದಿಂದ ಯಾವ ಅನರ್ಹತೆಯೂ ಅಂಟುವುದಿಲ್ಲ. 16 ದಾಟಿ, ಘೋರಾಪರಾಧಕ್ಕಾಗಿ ವಯಸ್ಕನಂತೆ ವಿಚಾರಿಸಲ್ಪಟ್ಟವನು ಮಾತ್ರ ಇದಕ್ಕೆ ಹೊರತು. ಕಾಯಿದೆಯು ಕ್ಷಮಿಸಿದುದನ್ನು ಅಂಗಡಿಯ ಯಜಮಾನನು ಕ್ಷಮಿಸಲಾರೆನೆಂದರೆ ಏನು ಹೇಳೋಣ?

ಅಮೆರಿಕೆಯ ಲಾಸ್ ಏಂಜಲಿಸ್ ನಗರದಲ್ಲಿ ಗ್ರೆಗರಿ ಬಾಯಲ್ ಎಂಬ ಪಾದ್ರಿಗಳು 1988ರಲ್ಲಿ ಈ ಕಾರ್ಯವನ್ನು ಕೈಗೊಂಡರು. 1992ರಲ್ಲಿ ರೊಟ್ಟಿಯ ಕಾರ್ಖಾನೆಯನ್ನು ತೆರೆದು, ಒಬ್ಬರನ್ನೊಬ್ಬರು ಕೊಲ್ಲಲು ಹವಣಿಸುತ್ತಿದ್ದ ಕೂಟಗಳ ಹುಡುಗರನ್ನು ಒಂದೇ ಒಲೆಯ ಮುಂದೆ ನಿಲ್ಲಿಸಿದರು. ಹೋಂಬಾಯ್ ಇಂಡಸ್ಟ್ರೀಸ್ ಎಂಬ ಹೆಸರಿನ ಆ ಸಂಸ್ಥೆಯು 18 ತಿಂಗಳ ಕಾಲ ಸಂಬಳ ಕೊಟ್ಟು ಕೆಲಸ ಕಲಿಸುತ್ತದೆ. ಮೈಮೇಲಿನ ಕೂಟದ ಹಚ್ಚೆಗಳನ್ನು ಪುಕ್ಕಟೆಯಾಗಿ ಅಳಿಸಿಕೊಡುತ್ತದೆ. ಇದು ಕ್ಷುಲ್ಲಕವೆನ್ನಬೇಡಿರಿ. ಕತ್ತಿನ ಮೇಲಿನ ಗುರುತನ್ನು ಕಂಡೊಡನೆ ‘ಸ್ಥಳ ಖಾಲಿಯಿಲ್ಲ’ ಎಂದುಬಿಡುವ ಯಜಮಾನರು ನಮ್ಮಲ್ಲಿಯೂ ಉಂಟು.

ಮೊದಲ ದಿವಸವೇ ತಿಜೋರಿಯ ಬೀಗದಕೈಯನ್ನು ಕೊಡಿರೆಂದು ನಾನು ಹೇಳುವುದಿಲ್ಲ. ಕೆಲವರು ಬಿಟ್ಟು ಹೋಗುವರು. ಹೋದವರಲ್ಲಿ ಕೆಲವರು ಮರಳಿ ಬರುವರು. ಆಗ ಎರಡನೆಯ ಸಲವೂ ಬಾಗಿಲು ತೆರೆಯಬೇಕಾದೀತೆಂದು ಈಗಲೇ ಮನಸ್ಸು ಗಟ್ಟಿಮಾಡಿಕೊಂಡವರೇ ಈ ಕಾರ್ಯಕ್ಕೆ ಕೈಹಾಕಬೇಕು. ಯಂತ್ರಶಾಲೆ, ಸಸಿಮಡಿ, ಅಂಗಡಿಗಳನ್ನಿಟ್ಟಿರುವ ಭಕ್ತರಲ್ಲಿ ಒಬ್ಬೊಬ್ಬ ತರುಣನಿಗೆ ಸ್ಥಳ ಕೊಡಬಲ್ಲವರು ತಮ್ಮ ಹೆಸರನ್ನೂ, ಕೆಲಸದ ಬಗೆಯನ್ನೂ, ವಾರದ ಬಟವಾಡೆ ಎಷ್ಟೆಂಬುದನ್ನೂ ಪ್ರಸಾದಕ್ಕೆ ಏಳುವ ಮುನ್ನ ಮಠದ ಕಾರ್ಯದರ್ಶಿಗಳಲ್ಲಿ ಬರೆಯಿಸಬೇಕೆಂದು ಅರಿಕೆ ಮಾಡಿಕೊಳ್ಳುತ್ತೇನೆ.