ಗಾಳಿಯ ಲೆಕ್ಕ

ಘಟ್ಟದ ಮಳೆ ತಲುಪದ ಕಡೂರು ಸೀಮೆಯ ಸಿಂಗಟಗೆರೆಯಂಥ ಬಯಲೂರುಗಳಲ್ಲಿ ಆಷಾಢದ ಗಾಳಿ ಮೋಡವನ್ನು ಹೊತ್ತೊಯ್ಯುವ ವೈರಿ. ಅದನ್ನೇ ಸಂಪತ್ತೆಂದು ಎಣಿಸುವ ಕಾಲವೀಗ ಬಂದಿದೆ. ಆದರೆ ಎಣಿಕೆ ಊಹೆಯಿಂದಾಗದು. ಗಾಳಿಯ ವೇಗ ಅರ್ಧಕ್ಕಿಳಿದರೆ ಅದರ ಶಕ್ತಿಯಲ್ಲಿ ಉಳಿಯುವುದು ಎಂಟರಲ್ಲೊಂದು ಪಾಲು ಮಾತ್ರ. ಇದನ್ನು ಬಲ್ಲ ಹವಾಮಾನ ವಿಜ್ಞಾನಿ ಅನ್ನಾ ಮಣಿ, 1976ರಲ್ಲಿ ನಿವೃತ್ತರಾದ ಬಳಿಕ, ಬೆಂಗಳೂರಿನಲ್ಲಿದ್ದು ದೇಶದ ಗಾಳಿಯನ್ನು ಅಳೆಯುವ ಕಾರ್ಯಕ್ಕೆ ತೊಡಗಿದರು. ಬಿಸಿಲಿನ ಅಂಕಿಅಂಶಗಳ ಕೈಪಿಡಿಯನ್ನು 1980ರಲ್ಲಿ ಹೊರತಂದರು. ನಿವೃತ್ತಿಯನ್ನು ವಿಶ್ರಾಂತಿಯೆಂದೇ ಬಗೆದ ನನ್ನಂಥವರು ನಾಚಬೇಕು!

ಇಷ್ಟಾದರೂ ಅಳತೆಗೆ ಸಿಗದುದು ಒಂದುಂಟು. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಸ್ಥಾವರ ಎದ್ದಿತು. ರೈತರ ನೆಲವನ್ನು ಕೊಳ್ಳದೆ ಗೇಣಿಗೆ ಪಡೆದುದು ಮೆಚ್ಚತಕ್ಕದ್ದೇ. ಹೊಲದೊಡೆಯನಿಗೆ ಗೇಣಿ ದೊರೆಯಿತು. ಅಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕೂಲಿಯವಳಿಗೆ? ಸಿಂಗಟಗೆರೆಯ ಬಯಲನ್ನು ಅಳೆಯಬರುವವರನ್ನು ನಾನು ಕೇಳುವುದು ಇದನ್ನೇ.