ನೆರೆಗೆ ಮೊದಲು ಕಟ್ಟೆ
(ಕೋಠಿಯ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾವು ಸೇರಿರುವ ಈ ಕೋಠಿಗೆ ಮೂಸಿ ನದಿ ಬಹು ಸಮೀಪ. 1908ರ ಸೆಪ್ಟೆಂಬರಿನಲ್ಲಿ ಅದು ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮ್ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ನದಿಯನ್ನು ಹಳಿಯುತ್ತ ಕೂಡಲಿಲ್ಲ. ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಲು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು.

ಇಂದು ನಮ್ಮ ಮಕ್ಕಳು ಕಂಪ್ಯೂಟರಿನ ಕೆಲಸವನ್ನು ಎ.ಐ. ಸಹಾಯಕನಿಗೆ ಒಪ್ಪಿಸುತ್ತಿದ್ದಾರೆ. ಅದು ಪ್ರೋಗ್ರಾಮು ಬರೆಯುವುದಷ್ಟೇ ಅಲ್ಲ, ಆಜ್ಞೆಗಳನ್ನೂ ತಾನೇ ನಡೆಸುತ್ತದೆ. 2025ರ ಜುಲೈನಲ್ಲಿ ರೆಪ್ಲಿಟ್ ಎಂಬ ಅಮೆರಿಕದ ಸಂಸ್ಥೆಯ ಸಹಾಯಕ, ಏನನ್ನೂ ಬದಲಿಸಬೇಡವೆಂದು ಹೇಳಿದ್ದರೂ, ಒಬ್ಬ ಉದ್ಯಮಿಯ ಬಳಕೆಯಲ್ಲಿದ್ದ ದತ್ತಾಂಶವನ್ನು ಅಳಿಸಿಬಿಟ್ಟಿತು. ಮರಳಿ ಪಡೆಯಲಾಗದೆಂದೂ ಹೇಳಿತು; ಆ ಮಾತೂ ತಪ್ಪಾಗಿತ್ತು, ದತ್ತಾಂಶ ಮರಳಿ ಸಿಕ್ಕಿತು.

ಆದ್ದರಿಂದ ಬುದ್ಧಿಮಾತು ಸಾಲದು, ಕಟ್ಟೆ ಬೇಕು. ‘ಆರ್‌ಎಂ’ ಎಂಬ ಅಳಿಸುವ ಆಜ್ಞೆಯೊಂದನ್ನು ನಿಷೇಧಿಸಿದರೆ ಸಾಕೆಂದು ಕೆಲವರು ಎಣಿಸುತ್ತಾರೆ. ಆದರೆ ಅದೇ ಕೆಲಸವನ್ನು ಪೈಥಾನಿನ ಒಂದು ಸಾಲೂ ಮಾಡೀತು. ಸಹಾಯಕನಿಗೆ ಪ್ರತ್ಯೇಕ ಖಾತೆ ಕೊಡೋಣ. ಒಂದು ಫೋಲ್ಡರಿನಾಚೆ ಬರೆಯುವ ಅಧಿಕಾರ ಬೇಡ. ನಿಜವಾದ ದತ್ತಾಂಶದ ಕೀಲಿಯನ್ನು ಅದರ ಕೈಗೆ ಕೊಡದಿರೋಣ. ಅಳಿಸುವ ಮುನ್ನ ಅಪ್ಪಣೆ ಕೇಳಲಿ. ಎಲ್ಲದರ ಪ್ರತಿಯನ್ನು ಅದಕ್ಕೆ ಎಟುಕದ ಡಿಸ್ಕಿನಲ್ಲಿಟ್ಟು, ಆಗಾಗ ತೆರೆದು ಪರೀಕ್ಷಿಸೋಣ.

ಸಂಘದ ಸದಸ್ಯರ ಪಟ್ಟಿ, ಹಿರಿಯರ ಭಾವಚಿತ್ರಗಳು ಈಗ ಕಂಪ್ಯೂಟರಿನಲ್ಲೇ ಇವೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು? ಕಟ್ಟೆ ಕಟ್ಟಿದ್ದರಿಂದ ನೀರು ವ್ಯರ್ಥವಾಗಲಿಲ್ಲ. ತಡೆದ ಆ ನೀರನ್ನೇ ಈ ಊರು ಕುಡಿಯಿತು.